ಮನೆಮಂದಿಯ ಟಿವಿಗೊಂದು ಮಿತವ್ಯಯದ ಕಂಪ್ಯೂಟರ್



ಸಂಘದ ಕಚೇರಿಗೆಂದು 2017ರಲ್ಲಿ ಕೊಂಡಿದ್ದ ನಾಲ್ಕು ಕಂಪ್ಯೂಟರುಗಳನ್ನು ಆಡಳಿತ ಮಂಡಳಿಯ ತೀರ್ಮಾನದಂತೆ ಈಚೆಗೆ ಸದಸ್ಯರಿಗೇ ಹರಾಜಿನಲ್ಲಿ ಕೊಟ್ಟ ವಿಷಯ ತಮಗೆ ತಿಳಿದೇ ಇದೆ. ಯಂತ್ರಗಳು ಕೆಟ್ಟಿದ್ದವೆಂದು ಕೊಟ್ಟದ್ದಲ್ಲ. ಅವು ನಡೆಯುತ್ತಿದ್ದುದು ವಿಂಡೋಸ್ 10 ಎಂಬ ತಂತ್ರಾಂಶದ ಮೇಲೆ. ಅದಕ್ಕೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮುಂದಿನದಾದ ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರಿಂದ ಈಚಿನ ಯಂತ್ರಗಳನ್ನು ಮಾತ್ರ ಒಪ್ಪುತ್ತದೆ. ನಮ್ಮವು ಏಳನೆಯ ತಲೆಮಾರಿನವು. ತಮ್ಮೆಲ್ಲರ ಠೇವಣಿ, ಸಾಲ, ವಿಕ್ರಿಯ ಲೆಕ್ಕವಿರುವ ಯಂತ್ರವನ್ನು ಬೆಂಬಲವಿಲ್ಲದೆ ನಡೆಸುವುದು ಸರಿಯಲ್ಲವೆಂದು ಬದಲಾಯಿಸಿದೆವು. ಲೆಕ್ಕವಿದ್ದ ಡಿಸ್ಕುಗಳನ್ನು ಕಳಚಿ ನಾಶಪಡಿಸಿ, ಉಳಿದದ್ದನ್ನು ಮಾತ್ರ ಹರಾಜಿಗಿಟ್ಟೆವು.

ಮೊನ್ನೆ ಮೈಲುತುತ್ತದ ಚೀಲ ಒಯ್ಯಲು ಬಂದ ಹಿರಿಯ ಸದಸ್ಯರೊಬ್ಬರು, "ಕಾರ್ಯದರ್ಶಿಗಳೇ, ಹರಾಜಿನಲ್ಲಿ ಕೂಗಿ ಹಿಡಿದದ್ದೇನೋ ಆಯಿತು. ಡಿಸ್ಕೇ ಇಲ್ಲದ ಡಬ್ಬಿ ಅಟ್ಟದ ಮೇಲೆ ಕೂತಿದೆ. ಇದನ್ನು ಟಿವಿಗೆ ಸಿಕ್ಕಿಸಿ ಮನೆಯವರೆಲ್ಲ ನೋಡುವ ಹಾಗೆ ಮಾಡಲಿಕ್ಕೆ ಆಗುತ್ತದೋ?" ಎಂದು ಕೇಳಿದರು. ಆಗುತ್ತದೆ. ನಮ್ಮ ಮನೆಯಲ್ಲಿ ಇಂಥದೇ ಒಂದು ಹಳೆಯ ಯಂತ್ರ 2020ರಿಂದ ಈ ಕೆಲಸವನ್ನು ಮಾಡುತ್ತಿದೆ. ಅದಕ್ಕೂ ಮೊದಲು ಒಂದು ಯಂತ್ರವಿತ್ತು. ಅದನ್ನು ಕಳೆದುಕೊಂಡ ಬಗೆಯನ್ನೂ ಈ ಲೇಖನದಲ್ಲಿ ಹೇಳಬೇಕಾಗಿದೆ. ಒಬ್ಬರಿಗೆ ಹೇಳುವುದನ್ನು ಎಲ್ಲರಿಗೂ ಹೇಳಿದರೆ ಅನುಕೂಲವೆಂದು ಇಲ್ಲಿ ಬರೆಯುತ್ತಿದ್ದೇವೆ.

ಇದು ಯಾವುದಕ್ಕೆ, ಯಾವುದಕ್ಕಲ್ಲ

ಮೊದಲು ಉದ್ದೇಶ ಸ್ಪಷ್ಟವಾಗಬೇಕು. ಯೂಟ್ಯೂಬ್ ನೋಡುವುದಕ್ಕೆ, ತಿಂಗಳ ಹಣ ತೆತ್ತು ನೋಡುವ ಚಿತ್ರಸೇವೆಗಳಿಗೆ ಈ ಕಂಪ್ಯೂಟರ್ ಬೇಡ. ಈಗಿನ ಟಿವಿಗಳಲ್ಲೇ ಆ ವ್ಯವಸ್ಥೆ ಇದೆ. ಇಲ್ಲದ ಟಿವಿಗೆ ಸಿಕ್ಕಿಸುವ ಚಿಕ್ಕ ಕಡ್ಡಿಗಳು ಸಿಗುತ್ತವೆ. ಅಲ್ಲದೆ ಹಣ ತೆರುವ ಸೇವೆಗಳವರು ತಮ್ಮ ಚಿತ್ರ ಕಳವಾಗದಂತೆ ಬೀಗ ಹಾಕಿರುವುದರಿಂದ, ನಾವು ಕೈಯಾರೆ ಸಿದ್ಧಪಡಿಸಿದ ಯಂತ್ರಕ್ಕೆ ಅವರು ಸಾಮಾನ್ಯವಾಗಿ ಪೂರ್ಣ ಗುಣಮಟ್ಟದ ಚಿತ್ರವನ್ನು ಕೊಡುವುದಿಲ್ಲ.

ಹಾಗಾದರೆ ಯಾವುದಕ್ಕೆ? ನಮ್ಮ ನಮ್ಮ ಮನೆಗಳಲ್ಲಿ ಇರುವ ಸ್ವಂತ ಸೊತ್ತಿಗೆ. ಮದುವೆ ಮುಂಜಿಯ ಡಿವಿಡಿಗಳು, ಯಕ್ಷಗಾನ ತಾಳಮದ್ದಲೆಯ ಕ್ಯಾಸೆಟ್ಟುಗಳು, ಹಳೆಯ ಫೋಟೋಗಳು, ಹಣ ಕೊಟ್ಟು ಕೊಂಡ ಸಿನಿಮಾಗಳು, ಮೊಮ್ಮಕ್ಕಳು ಕಳಿಸಿದ ವಿಡಿಯೋಗಳು, ಇವೆಲ್ಲ ಒಂದೇ ಕಡೆ ಇದ್ದು, ಇಂಟರ್‌ನೆಟ್ ಇಲ್ಲದ ದಿನವೂ ಟಿವಿಯಲ್ಲಿ ಕಾಣುವಂತಾಗಬೇಕು. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಸಂಪರ್ಕವಿಲ್ಲದೆ ಕೂರುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ಎರಡನೆಯ ಷರತ್ತೊಂದಿದೆ. ಈ ಯಂತ್ರ ಮನೆಯ ಅತ್ಯಂತ ಹಿರಿಯರ ಕೈಯಲ್ಲಿ ನಡೆಯಬೇಕು. ನಮ್ಮ ತಾಯಿಯವರಿಗೆ ಈಗ ಎಂಬತ್ತಮೂರು. ಮೊದಲ ಯಂತ್ರವನ್ನು ತೋರಿಸಿದಾಗ ಅವರು, "ಅಲ್ಲ ಮಾರಾಯ, ಇದನ್ನು ಶುರು ಮಾಡಲಿಕ್ಕೆ ನೀನು ತೋಟದಿಂದ ಬರುವವರೆಗೆ ನಾನು ಕಾಯಬೇಕಾ?" ಎಂದಿದ್ದರು. ಆ ಪ್ರಶ್ನೆಯನ್ನೇ ನಾವು ಅಂದಿನಿಂದ ಅಳತೆಗೋಲಾಗಿ ಇಟ್ಟುಕೊಂಡಿದ್ದೇವೆ. ಅವರು ಒಬ್ಬರೇ ಇದ್ದಾಗ ನಡೆಯದ ಯಾವ ಸೌಕರ್ಯವೂ ನಮ್ಮ ಯಂತ್ರದಲ್ಲಿ ಇಲ್ಲ.

ಯಂತ್ರದ ಆಯ್ಕೆ

ಟಿವಿಯ ಚಿತ್ರವೊಂದನ್ನು ಅಡಕ ಮಾಡದೆ ಹಾಗೆಯೇ ಶೇಖರಿಸಿದರೆ ಎಷ್ಟು ಜಾಗ ಬೇಕೆಂಬುದನ್ನು ಲೆಕ್ಕ ಹಾಕಿ ನೋಡೋಣ. ಪೂರ್ಣ ಎಚ್‌ಡಿ ಚಿತ್ರದಲ್ಲಿ 1920ಕ್ಕೆ 1080ರಂತೆ ಸುಮಾರು 20 ಲಕ್ಷ ಬಿಂದುಗಳು. ಬಿಂದುವಿಗೆ ಒಂದೂವರೆ ಬೈಟ್, ಸೆಕೆಂಡಿಗೆ 25 ಚಿತ್ರ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 78 ಮೆಗಾಬೈಟ್. ಗಂಟೆಗೆ 280 ಗಿಗಾಬೈಟ್. ಇದು ಅಸಾಧ್ಯವಾದ್ದರಿಂದ ಚಿತ್ರವನ್ನು ಎರಡು ಮೂರು ಗಿಗಾಬೈಟಿಗೆ ಅಡಕಿಸಿ ಇಡುತ್ತಾರೆ. ನೋಡುವಾಗ ಯಂತ್ರ ಅದನ್ನು ಕ್ಷಣಕ್ಷಣಕ್ಕೂ ಬಿಡಿಸುತ್ತ ಹೋಗಬೇಕು.

ಬಿಡಿಸುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಬೇರೆ ಭಾಗವಿದ್ದರೆ ಯಂತ್ರ ತಣ್ಣಗಿರುತ್ತದೆ. ಇಲ್ಲದಿದ್ದರೆ ಮುಖ್ಯ ಸಂಸ್ಕಾರಕವೇ ಬೆವರಿಳಿಸಿ ಮಾಡಬೇಕು. ಫ್ಯಾನು ಕೂಗುತ್ತದೆ, ಚಿತ್ರ ತಡವರಿಸುತ್ತದೆ. ಮೆಟ್ಟುಗತ್ತಿಯಲ್ಲಿ ಸುಲಿಯುವುದಕ್ಕೂ ಸುಲಿಯುವ ಯಂತ್ರಕ್ಕೂ ಇರುವ ವ್ಯತ್ಯಾಸ ಇದು. ಆದ್ದರಿಂದ ಯಂತ್ರ ಎಷ್ಟು ಬಲಶಾಲಿ ಎಂದು ಕೇಳುವುದಕ್ಕಿಂತ, ಯಾವ ಯಾವ ಅಡಕಗಳನ್ನು ತಾನೇ ಬಿಡಿಸಬಲ್ಲದು ಎಂದು ಕೇಳಿ. ಹಳೆಯದು ಎಚ್.264, ಅದರ ನಂತರದ್ದು ಎಚ್.265, ಈಚಿನದು ಎವಿ1.

ಹರಾಜಿನಲ್ಲಿ ಹೋದ ಏಳನೆಯ ತಲೆಮಾರಿನ ಯಂತ್ರಗಳು ಇಲ್ಲಿ ಗೆಲ್ಲುತ್ತವೆ. ಎಚ್.264 ಅಲ್ಲದೆ, ಹತ್ತು ಬಿಟ್ಟಿನ ಎಚ್.265 ಅನ್ನೂ ಪೂರ್ತಿಯಾಗಿ ಬಿಡಿಸುವ ಭಾಗ ಇಂಟೆಲ್‌ನಲ್ಲಿ ಬಂದದ್ದು ಈ ತಲೆಮಾರಿನಿಂದಲೇ. ಅಂದರೆ ಕಚೇರಿಗೆ ಬೇಡವಾದ ಯಂತ್ರ ಜಗಲಿಯ ಟಿವಿಗೆ ಸರಿಹೋಯಿತು. ಎವಿ1 ಮಾತ್ರ ಇದರಲ್ಲಿಲ್ಲ. ಮನೆಯ ಸಂಗ್ರಹಕ್ಕೆ ಅದರ ಕೊರತೆ ಕಾಡುವುದಿಲ್ಲ. ಇಂಥ ಹಳೆಯ ಯಂತ್ರಗಳ ಎಚ್‌ಡಿಎಂಐ ಕಿಂಡಿ ಸಾಮಾನ್ಯವಾಗಿ 4ಕೆ ಚಿತ್ರವನ್ನು ಸೆಕೆಂಡಿಗೆ 30ರಂತೆ ಮಾತ್ರ ಕೊಡುತ್ತದೆ. 1080 ಗೆರೆಗಳ ಚಿತ್ರಕ್ಕೆ ಏನೂ ತೊಂದರೆಯಿಲ್ಲ.

ಹಳೆಯದಿಲ್ಲದೆ ಹೊಸದಾಗಿಯೇ ಕೊಳ್ಳುವವರಿಗೆ ಎರಡು ದಾರಿ. ಒಂದು, 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿರುವ ಅಂಗೈಯಗಲದ ಪೆಟ್ಟಿಗೆ. ಚಿಪ್ಪಿನ ಗೊತ್ತುಪಡಿಸಿದ ಶಾಖ 6 ವಾಟ್ ಮಾತ್ರ. ಎವಿ1 ಕೂಡ ಬಿಡಿಸುತ್ತದೆ. ಇನ್ನೊಂದು ರಾಸ್ಪ್‌ಬೆರಿ ಪೈ 5. ಇದರಲ್ಲಿ ಎಚ್.265ಕ್ಕೆ ಪ್ರತ್ಯೇಕ ಭಾಗವಿದೆ, ಎಚ್.264 ಅನ್ನು ಮುಖ್ಯ ಸಂಸ್ಕಾರಕವೇ ಬಿಡಿಸಿದರೂ ಸಾಮಾನ್ಯ ಚಿತ್ರಗಳಿಗೆ ಸಾಕು. ಟಿವಿಯ ರಿಮೋಟಿನಿಂದಲೇ ಇದನ್ನು ನಡೆಸಬಹುದೆಂಬುದು ದೊಡ್ಡ ಅನುಕೂಲ. ದರಗಳು ಅಡಿಕೆ ಧಾರಣೆಯಂತೆ ಏರಿಳಿಯುವುದರಿಂದ ಇಲ್ಲಿ ಬರೆಯುವುದಿಲ್ಲ. ಕೊಳ್ಳುವ ದಿನ ಎರಡು ಕಡೆ ವಿಚಾರಿಸಿ.

ವಿದ್ಯುತ್ ಉಳಿಯುತ್ತದೆಂದು ಹೊಸದು ಕೊಳ್ಳಬೇಕೇ ಎಂಬುದಕ್ಕೂ ಲೆಕ್ಕವೇ ಉತ್ತರ ಹೇಳಲಿ. ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲದ ಹಳೆಯ ಡಬ್ಬಿ ಚಿತ್ರ ತೋರಿಸುವಾಗ 40 ವಾಟ್ ತೆಗೆದುಕೊಳ್ಳುತ್ತದೆಂದು ಹಿಡಿಯಿರಿ. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 4.8 ಯೂನಿಟ್. ಹೊಸ ಚಿಕ್ಕ ಪೆಟ್ಟಿಗೆ 15 ವಾಟ್ ಎಂದರೆ 1.8 ಯೂನಿಟ್. ಮೂರು ಯೂನಿಟ್ಟಿನ ಉಳಿತಾಯಕ್ಕಾಗಿ ಹೊಸದು ಕೊಳ್ಳುವುದು ಲಾಭವಲ್ಲ. ಆದರೆ ಹಳೆಯದನ್ನು ಹಗಲು ರಾತ್ರಿ ಉರಿಸಿಟ್ಟರೆ ತಿಂಗಳಿಗೆ ಸುಮಾರು 29 ಯೂನಿಟ್ ಆಗುತ್ತದೆ. ನೋಡಿಯಾದ ಮೇಲೆ ಆರಿಸುವುದು ಅಭ್ಯಾಸವಾಗಬೇಕು.

ಹೊಸದಾಗಿ ಬೇಕಾದ ಸಾಮಾನು

ಮೊದಲನೆಯದು ಒಂದು ಚಿಕ್ಕ ಎಸ್‌ಎಸ್‌ಡಿ. 128 ಗಿಗಾಬೈಟ್ ಧಾರಾಳ. ತಿರುಗುವ ಭಾಗವಿಲ್ಲದ್ದರಿಂದ ಯಂತ್ರ ಬೇಗ ಎಚ್ಚರಾಗುತ್ತದೆ. ಎರಡನೆಯದು, ಚಿತ್ರ ಮತ್ತು ಹಾಡು ಇಡಲು ಯುಎಸ್‌ಬಿಗೆ ಸಿಕ್ಕಿಸುವ ಹೊರ ಹಾರ್ಡ್‌ಡಿಸ್ಕ್, ಒಂದಲ್ಲ, ಎರಡು. ಎರಡೇಕೆಂಬುದನ್ನು ಕೊನೆಯಲ್ಲಿ ಹೇಳುತ್ತೇವೆ. ಮೂರನೆಯದು, ಯುಎಸ್‌ಬಿ ಗ್ರಾಹಕದೊಡನೆ ಬರುವ ಸಾಧಾರಣ ರಿಮೋಟ್. ಡೆಸ್ಕ್‌ಟಾಪ್ ಯಂತ್ರಗಳಲ್ಲಿ ಟಿವಿ ರಿಮೋಟಿನ ಆಜ್ಞೆ ಎಚ್‌ಡಿಎಂಐ ತಂತಿಯಲ್ಲಿ ಹಾದುಬರುವ ಏರ್ಪಾಡು ಹೆಚ್ಚಾಗಿ ಇರುವುದಿಲ್ಲವಾದ್ದರಿಂದ ಇದು ಬೇಕಾಗುತ್ತದೆ. ಮೆಮೊರಿ 4 ಗಿಗಾಬೈಟ್ ಇದ್ದರೆ ಸಾಕು. ಕೀಲಿಮಣೆ ಸಿದ್ಧತೆಯ ದಿನಕ್ಕಷ್ಟೇ ಬೇಕು, ಆಮೇಲೆ ಒಳಗಿಡಿ.

ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಏನು ಹಿಡಿಯುತ್ತದೆ? ಒಂದು ಪದರದ ಡಿವಿಡಿ 4.7 ಗಿಗಾಬೈಟ್, ಅಂಥವು ಇನ್ನೂರು. ಬರಿಯ ಧ್ವನಿಯಾದರೆ, ಎಂಪಿ3ಯ 128 ಕಿಲೋಬಿಟ್ ದರದಲ್ಲಿ ಗಂಟೆಗೆ 58 ಮೆಗಾಬೈಟಿನಂತೆ ಸುಮಾರು 17,000 ಗಂಟೆ. ಬೆಳಗಿನವರೆಗಿನ ಎಂಟು ಗಂಟೆಯ ಆಟವೊಂದಕ್ಕೆ ಅರ್ಧ ಗಿಗಾಬೈಟೂ ಬೇಡ. ಆದ್ದರಿಂದ ಭಾರೀ ಡಿಸ್ಕಿಗೆ ಆಸೆ ಪಡಬೇಕಾಗಿಲ್ಲ.

ತಂತ್ರಾಂಶ

ಯಂತ್ರವನ್ನು ನಡೆಸುವ ತಂತ್ರಾಂಶದ ಹೆಸರು ಕೋಡಿ. ನಮಗೆ ಕೋಡಿ ಎಂದರೆ ಕೆರೆಯ ಕೋಡಿ, ಇದು ಬೇರೆ. 2002ರ ಸುಮಾರಿಗೆ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕಾಗಿ ಹವ್ಯಾಸಿಗಳು ಕಟ್ಟಿದ ಈ ಕಾರ್ಯಕ್ರಮ ಎಕ್ಸ್‌ಬಿಎಂಸಿ ಎಂದು ಹೆಸರಾಗಿ, 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. ಇಂದಿಗೂ ಸ್ವಯಂಸೇವಕರೇ ನಡೆಸುತ್ತಾರೆ, ಬೆಲೆಯಿಲ್ಲ. ಇದರಲ್ಲಿ ಚಿತ್ರಗಳೇನೂ ಇರುವುದಿಲ್ಲ. ನಾವಿಟ್ಟದ್ದನ್ನು ಅಚ್ಚುಕಟ್ಟಾಗಿ ತೋರಿಸುವುದಷ್ಟೇ ಇದರ ಕೆಲಸ. ಕದ್ದ ಸಿನಿಮಾ ತೋರಿಸುತ್ತೇವೆನ್ನುವ ಹೊರಗಿನ ಸೇರ್ಪಡೆಗಳನ್ನು ಯಾರಾದರೂ ಹಾಕಿಕೊಡುತ್ತೇನೆಂದರೆ ಒಪ್ಪಬೇಡಿ. ಕಾನೂನಿನ ಮಾತು ಒತ್ತಟ್ಟಿಗಿರಲಿ, ಯಂತ್ರ ಕೆಡುವುದು ಅಲ್ಲಿಂದಲೇ.

ಕೋಡಿಯನ್ನು ವಿಂಡೋಸ್ ಮೇಲೂ ಹಾಕಬಹುದು. ಆದರೆ ನಮ್ಮ ಸಲಹೆ ಲಿಬ್ರೆಎಲೆಕ್. ಇದು 2016ರಲ್ಲಿ ಆರಂಭವಾದ, ಕೋಡಿ ಓಡಲು ಎಷ್ಟು ಬೇಕೋ ಅಷ್ಟೇ ಇರುವ ಪುಟ್ಟ ಲಿನಕ್ಸ್. ಗಾತ್ರ ಕೆಲವು ನೂರು ಮೆಗಾಬೈಟ್. ಮೂಲ ತಂತ್ರಾಂಶವೆಲ್ಲ ಓದಲು ಮಾತ್ರ ಬರುವ ಒಂದೇ ಕಡತದಲ್ಲಿ ಇರುವುದರಿಂದ, ಕರೆಂಟು ದಿಢೀರನೆ ಹೋದರೂ ಅದು ಕೆಡುವ ಸಂಭವ ತೀರ ಕಡಿಮೆ. ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ನೇರವಾಗಿ ಚಿತ್ರಗಳ ಪಟ್ಟಿ ಬರುತ್ತದೆ. ನಡುವೆ ಯಾವ ಜಾಹೀರಾತಿಲ್ಲ, 'ಅಪ್‌ಡೇಟ್ ಆಗುತ್ತಿದೆ, ಕಾಯಿರಿ' ಎಂಬುದಿಲ್ಲ.

ಹಾಕುವ ಕ್ರಮ ಹೀಗೆ: ಬೇರೊಂದು ಕಂಪ್ಯೂಟರಿನಲ್ಲಿ ಲಿಬ್ರೆಎಲೆಕ್‌ನವರ ಸ್ವಂತ ತಾಣದಿಂದ 'ಜೆನೆರಿಕ್' ಎಂಬ ಪ್ರತಿಯನ್ನು ಇಳಿಸಿ, ಅವರೇ ಕೊಡುವ ಸಲಕರಣೆಯಿಂದ ಪೆನ್‌ಡ್ರೈವಿಗೆ ಬರೆಯಿರಿ. ಡಬ್ಬಿಯ ಬಯಾಸ್‌ನಲ್ಲಿ ಮೂರು ಕೆಲಸ ಮಾಡಿ: 'ಸೆಕ್ಯೂರ್ ಬೂಟ್' ಆರಿಸಿ, ಪೆನ್‌ಡ್ರೈವಿನಿಂದ ಆರಂಭವಾಗುವಂತೆ ಮಾಡಿ, ಕರೆಂಟು ಹೋಗಿ ಬಂದಾಗ ಯಂತ್ರ ತಾನಾಗಿ ಏಳುವ ಆಯ್ಕೆಯನ್ನು ಹಾಕಿ. ಈ ಮೂರನೆಯದರಿಂದ, ಗೋಡೆಯ ಸ್ವಿಚ್ಚು ಹಾಕಿದರೆ ಸಾಕು, ಡಬ್ಬಿಯ ಗುಂಡಿ ಹುಡುಕಬೇಕಾಗಿಲ್ಲ. ಬಳಿಕ ಪೆನ್‌ಡ್ರೈವ್ ಸಿಕ್ಕಿಸಿ ಎಸ್‌ಎಸ್‌ಡಿಗೆ ಸ್ಥಾಪಿಸಿ. ಆ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆಂಬುದನ್ನು ನೆನಪಿಡಿ. ಹೊರ ಡಿಸ್ಕನ್ನು ಆ ಹೊತ್ತಿನಲ್ಲಿ ಕಳಚಿಡುವುದು ಕ್ಷೇಮ.

ಮೂರು ಹೊಂದಾಣಿಕೆಗಳು

ಮೊದಲನೆಯದು ಧ್ವನಿ. "ಸಂಗೀತ ಜೋರು, ಮಾತೇ ಕೇಳುವುದಿಲ್ಲ" ಎಂಬ ದೂರು ಎಲ್ಲ ಮನೆಗಳಲ್ಲೂ ಇದೆ. ಆರು ದಾರಿಯ ಧ್ವನಿಯಿರುವ ಸಿನಿಮಾಗಳಲ್ಲಿ ಮಾತು ಬರುವುದು ಹೆಚ್ಚಾಗಿ ನಡುವಿನ ಸ್ಪೀಕರಿಗೆ. ನಮ್ಮ ಟಿವಿಗೆ ಇರುವುದು ಎರಡೇ. ಕೋಡಿಯ ಧ್ವನಿ ವಿಭಾಗದಲ್ಲಿ ಸ್ಪೀಕರುಗಳ ಸಂಖ್ಯೆಯನ್ನು 2.0 ಎಂದು ಸರಿಯಾಗಿ ಹೇಳಿದರೆ, ನಡುವಿನ ಮಾತನ್ನು ಅದು ಎರಡಕ್ಕೂ ಹಂಚಿಕೊಡುತ್ತದೆ. ತಪ್ಪಾಗಿ 5.1 ಎಂದು ಇಟ್ಟರೆ ಮಾತು ಮಾಯವಾಗಬಹುದು. ಐದಾರು ಸ್ಪೀಕರಿನ ಆಡಂಬರಕ್ಕಿಂತ ಎರಡು ಒಳ್ಳೆಯ ಸ್ಪೀಕರು ಸಾಕೆಂಬುದು ನಮ್ಮ ಅನುಭವ.

ಎರಡನೆಯದು ಚಿತ್ರದ ವೇಗ. ಸಿನಿಮಾ ಸೆಕೆಂಡಿಗೆ 24 ಚಿತ್ರ. ನಮ್ಮ ದೇಶದ ಟಿವಿ, ಡಿವಿಡಿ 25. ಟಿವಿ ಪರದೆ 60ರ ವೇಗದಲ್ಲೇ ನಿಂತಿದ್ದರೆ 24 ಆಗಲಿ 25 ಆಗಲಿ ಅದರಲ್ಲಿ ಸಮವಾಗಿ ಕೂರುವುದಿಲ್ಲ. ಕ್ಯಾಮೆರಾ ಪಕ್ಕಕ್ಕೆ ಸರಿದಾಗ ಚಿತ್ರ ಎಡವಿದಂತೆ ಕಾಣುತ್ತದೆ. 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಎಂಬ ಆಯ್ಕೆಯನ್ನು ಹಾಕಿದರೆ ಕೋಡಿ ಪರದೆಯ ವೇಗವನ್ನು ಚಿತ್ರಕ್ಕೆ ತಕ್ಕಂತೆ ಬದಲಾಯಿಸುತ್ತದೆ.

ಮೂರನೆಯದು ಹೆಸರು. ಸಿನಿಮಾದ ಕಡತಕ್ಕೆ ಹೆಸರಿನ ಜೊತೆ ಆವರಣದಲ್ಲಿ ವರ್ಷವನ್ನೂ ಬರೆಯಿರಿ. ಬರಿಯ 'ನಾಗರಹಾವು' ಎಂದರೆ 1972ರ ಪುಟ್ಟಣ್ಣ ಕಣಗಾಲರ ಚಿತ್ರವೋ 2016ರಲ್ಲಿ ಬಂದದ್ದೋ ಯಂತ್ರಕ್ಕೆ ಹೇಗೆ ತಿಳಿಯಬೇಕು? ಮನೆಯ ಸಮಾರಂಭಗಳಿಗೆ ವರ್ಷವನ್ನು ಮೊದಲು, ಸಂದರ್ಭವನ್ನು ಆಮೇಲೆ ಬರೆದರೆ ಪಟ್ಟಿ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ.

ಇಷ್ಟಾದ ಮೇಲೆ ಮುಖಪುಟದಿಂದ ಬೇಡವಾದ ಸಾಲುಗಳನ್ನೆಲ್ಲ ತೆಗೆದುಹಾಕಿ. ನಮ್ಮ ಮನೆಯಲ್ಲಿ ಉಳಿದಿರುವುದು ನಾಲ್ಕೇ: ಸಿನಿಮಾ, ಮನೆಯ ವಿಡಿಯೋ, ಹಾಡು, ಫೋಟೋ. ಎಲ್ಲ ಸರಿಹೋದ ದಿನ ಲಿಬ್ರೆಎಲೆಕ್‌ನಲ್ಲೇ ಇರುವ ಬ್ಯಾಕಪ್ ಸೌಲಭ್ಯದಿಂದ ಹೊಂದಾಣಿಕೆಗಳ ಪ್ರತಿ ತೆಗೆದು ಪೆನ್‌ಡ್ರೈವಿನಲ್ಲಿಡಿ. ಅನಂತರ ನಡೆಯುತ್ತಿರುವುದನ್ನು ಕೆದಕಬೇಡಿ.

ಕರೆಂಟು, ಇನ್ವರ್ಟರ್, ಸಿಡಿಲು

ಮಲೆನಾಡಿನಲ್ಲಿ ಯಂತ್ರಗಳು ಮುಪ್ಪಾಗಿ ಸಾಯುವುದಕ್ಕಿಂತ ಹೆಚ್ಚಾಗಿ ಹೊರಗಿನಿಂದ ಬಂದ ಪೆಟ್ಟಿಗೆ ಸಾಯುತ್ತವೆ. ತ್ರೀ ಫೇಸ್ ಬಂದೊಡನೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಹೊರಟು ವೋಲ್ಟೇಜ್ ಕುಸಿಯುವುದು, ಅವು ನಿಂತೊಡನೆ ಜಿಗಿಯುವುದು ನಮಗೆ ನಿತ್ಯದ ಮಾತು. ಕಂಪ್ಯೂಟರನ್ನು ಇನ್ವರ್ಟರಿನ ಸಾಲಿಗೆ ಹಾಕುವುದು ಉತ್ತಮ. ಆದರೆ ಅದು ಸೈನ್ ವೇವ್ ಇನ್ವರ್ಟರ್ ಆಗಿರಬೇಕು. ಬಹಳಷ್ಟು ಇನ್ವರ್ಟರುಗಳ ಹಿಂಬದಿಯಲ್ಲಿ 'ಯುಪಿಎಸ್' ಎಂಬ ಸ್ವಿಚ್ಚಿದೆ. ಅದನ್ನು ಹಾಕಿದರೆ ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಆರಿ ಹೊತ್ತುವುದು ತಪ್ಪುತ್ತದೆ. ಅದರಲ್ಲಿ ಒಂದು ತೊಡಕೂ ಇದೆ: ಆ ಸ್ಥಾನದಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಕರೆಂಟಿದ್ದರೂ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ವೋಲ್ಟೇಜ್ ಸದಾ ಕಡಿಮೆಯಿರುವ ಮನೆಯವರು ಮೊದಲು ಸ್ಟೆಬಿಲೈಜರ್ ನೋಡಿಕೊಳ್ಳಬೇಕು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವಾಟ್-ಅವರ್. ಅರ್ಧ ಮಾತ್ರ ಬಳಸುವುದು ಬ್ಯಾಟರಿಯ ಆಯುಸ್ಸಿಗೆ ಕ್ಷೇಮ: 900. ಬದಲಾವಣೆಯಲ್ಲಿ ಐದನೆಯ ಒಂದು ಪಾಲು ನಷ್ಟವೆಂದರೆ 720. ಟಿವಿ 50, ಕಂಪ್ಯೂಟರ್ 40, ಎರಡು ದೀಪ ಮತ್ತು ರೌಟರ್ ಸೇರಿ 30, ಒಟ್ಟು 120 ವಾಟ್. ಆರು ಗಂಟೆ ನಿಶ್ಚಿಂತೆ.

ಇನ್ನು ಸಿಡಿಲು. 2019ರ ಭರಣಿ ಮಳೆಯ ಮೊದಲ ಗುಡುಗಿನ ಸಂಜೆ ನಾವು ಕಣದಲ್ಲಿ ಕಾಫಿ ಒಟ್ಟುಮಾಡುವ ಗಡಿಬಿಡಿಯಲ್ಲಿದ್ದೆವು. ಮನೆಯ ಹಿಂದಿನ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಒಳಗೆ ಬಂದು ನೋಡಿದರೆ ಟೆಲಿಫೋನಿನ ತಂತಿಗೆ ಜೋಡಿಸಿದ್ದ ಮೋಡೆಮ್ ಕರಿಯಾಗಿತ್ತು; ಅದರಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಟಿವಿಗೆ, ತಂತಿ ಹೋದಲ್ಲೆಲ್ಲ ಹಾನಿ ಹೋಗಿತ್ತು. ಸ್ವಿಚ್ಚು ಆರಿಸಿತ್ತು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗೇ ಕೀಳಬೇಕೆಂಬ ಪಾಠವನ್ನು ಅಂದು ದುಬಾರಿ ಬೆಲೆ ಕೊಟ್ಟು ಕಲಿತೆವು.

ಈಗ ನಮ್ಮ ಏರ್ಪಾಡು ಹೀಗಿದೆ. ಟಿವಿ, ಕಂಪ್ಯೂಟರ್, ರೌಟರ್, ಸ್ಪೀಕರ್ ನಾಲ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ. ಆ ಬೋರ್ಡಿನಿಂದ ಗೋಡೆಗೆ ಒಂದೇ ಪ್ಲಗ್ಗು. ಅದು ಬಗ್ಗದೆ ಕೈಗೆಟಕುವ ಎತ್ತರದಲ್ಲಿದೆ. ಡಿಶ್ ಆಂಟೆನಾದ ತಂತಿ ಇನ್ನೊಂದು. ಮೋಡ ಕಟ್ಟಿ ದೂರದಲ್ಲಿ ಗುಡುಗು ಕೇಳಿದೊಡನೆ ಮೊದಲು ರಿಮೋಟಿನಿಂದ ಯಂತ್ರ ಆರಿಸಿ, ಎರಡನ್ನೂ ಕೀಳಬೇಕು. ತಲೆಯ ಮೇಲೆ ಗುಡುಗುವಾಗ ತಂತಿಗೆ ಕೈ ಹಾಕಲೇಬಾರದು. ಭರಣಿ, ಕೃತ್ತಿಕೆಯಲ್ಲಿ, ಮತ್ತೆ ಚಿತ್ತೆ, ಸ್ವಾತಿಯಲ್ಲಿ ಇದು ಮನೆಯ ನಿಯಮ.

ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ ಹಾಕಿಸುವುದು ಒಳ್ಳೆಯದು. ಆದರೆ ಅರ್ಥಿಂಗ್ ಸರಿಯಿಲ್ಲದೆ ಅದು ಬರಿಯ ಅಲಂಕಾರ. ಅರ್ಥ್ ಗುಂಡಿಯನ್ನು ವರ್ಷಕ್ಕೊಮ್ಮೆ ತಿಳಿದ ವೈರ್‌ಮನ್‌ನಿಂದ ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲಿ ನೀರು ಹಾಕಿ. ಫೈಬರ್ ಗಾಜಿನ ಎಳೆಯಾದ್ದರಿಂದ ಹಳೆಯ ತಾಮ್ರದ ತಂತಿಯಂತೆ ಸಿಡಿಲನ್ನು ಒಳಗೆ ತರುವುದಿಲ್ಲ. ಆದರೂ ಅದರ ಪೆಟ್ಟಿಗೆ ಕರೆಂಟಿನಿಂದಲೇ ನಡೆಯುವುದರಿಂದ ಅದರ ಪ್ಲಗ್ಗನ್ನೂ ಕೀಳಬೇಕು. ಮನೆಯಿಂದ ಕಣದ ಕೊಠಡಿಗೆ ತಾಮ್ರದ ನೆಟ್‌ವರ್ಕ್ ತಂತಿ ಎಳೆಯಬೇಡಿ.

ತೇವ, ಇರುವೆ, ಹಲ್ಲಿ

ಡಬ್ಬಿಯನ್ನು ನೆಲದಲ್ಲಿಡದೆ, ಹೊರಗೋಡೆಗೆ ತಾಗಿಸದೆ, ಹಲಗೆಯ ಮೇಲೆ ಗಾಳಿಯಾಡುವಂತೆ ಇಡಿ. ಬೆಚ್ಚನೆಯ ಜಾಗವೆಂದು ಇರುವೆಗಳೂ ಹಲ್ಲಿಗಳೂ ಒಳಸೇರುತ್ತವೆ. ಹಲ್ಲಿಯೊಂದು ಬೋರ್ಡಿನ ಮೇಲೆ ಸತ್ತರೆ ಬೋರ್ಡೂ ಅದರೊಂದಿಗೆ ಹೋಗಬಹುದು. ತೂತುಗಳಿಗೆ ತೆಳುವಾದ ಸೊಳ್ಳೆಬಲೆಯ ಜಾಲರಿ ಅಂಟಿಸಿ, ಎರಡು ತಿಂಗಳಿಗೊಮ್ಮೆ ಧೂಳು ಕೊಡವಿ. ಮಳೆಗಾಲದಲ್ಲಿ ಬಳಕೆಯಿರಲಿ ಇಲ್ಲದಿರಲಿ, ಗುಡುಗಿಲ್ಲದ ದಿನ ಒಂದು ಗಂಟೆ ಹಚ್ಚಿಟ್ಟರೆ ಅದರ ಬಿಸಿಗೇ ತೇವ ಆರುತ್ತದೆ.

ಎರಡು ಡಿಸ್ಕು ಏಕೆ

2019ರಲ್ಲಿ ಹೋದದ್ದು ಯಂತ್ರ ಮಾತ್ರವಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ತೀರ್ಥರೂಪರು ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದರು. 1986ರಲ್ಲಿ ನಮ್ಮ ಮನೆಯ ಜಗಲಿಯಲ್ಲೇ ನಡೆದ ಕೃಷ್ಣಸಂಧಾನದಲ್ಲಿ ಅವರದು ಕೌರವ. ಯಾರೋ ನೆಂಟರು ಅದನ್ನು ಟೇಪ್ ಮಾಡಿದ್ದರು. ಎರಡು ಕ್ಯಾಸೆಟ್, ಮೂರು ಗಂಟೆ. ತೀರ್ಥರೂಪರ ಧ್ವನಿಯೆಂದು ಇದ್ದದ್ದು ಅದೊಂದೇ. ನಾವು ಅದನ್ನು ಕಂಪ್ಯೂಟರಿಗೆ ಹತ್ತಿಸಿದೆವು. ಹತ್ತಿಸಿಯಾಯಿತಲ್ಲ ಎಂದು, ಬೂಸಲು ಹಿಡಿದಿದ್ದ ಕ್ಯಾಸೆಟ್ಟುಗಳನ್ನು ಮನೆಗೆ ಸುಣ್ಣ ಬಳಿಸಿದ ವರ್ಷ ಹೊರಗೆ ಹಾಕಿದೆವು. ತಾಯಿಯವರು ಶನಿವಾರದ ಸಂಜೆ ಅದನ್ನು ಹಾಕಿಸಿಕೊಂಡು ಕೇಳುತ್ತಿದ್ದರು.

ಸಿಡಿಲಿನ ಮರುವಾರ ಸುಟ್ಟ ಡಿಸ್ಕನ್ನು ಪೇಟೆಗೆ ಒಯ್ದೆವು. ಒಂದು ತಿಂಗಳ ಮೇಲೆ ಏನೂ ಬರುವುದಿಲ್ಲವೆಂದು ಹೇಳಿ ಕಳಿಸಿದರು. ಸಾಗರದಲ್ಲಿರುವ ತಂಗಿಯ ಮನೆಯಲ್ಲಿ ಹಳೆಯ ಸಿಡಿಯೊಂದು ಸಿಕ್ಕಿತು. ಅದರಲ್ಲಿ ಇಪ್ಪತ್ತೆರಡು ನಿಮಿಷವಿತ್ತು. ಕೌರವ ವಿದುರನ ಮೇಲೆ ಸಿಟ್ಟಾಗುವ ಭಾಗ. ಮೂರು ಗಂಟೆಯಲ್ಲಿ ಇಪ್ಪತ್ತೆರಡು ನಿಮಿಷ. ತಾಯಿಯವರು ಕೇಳಿ, "ಸಂಧಾನ ಮುಗಿಯುವ ಹೊತ್ತಿನ ಮಾತು ಇದರಲ್ಲಿ ಇಲ್ಲವಲ್ಲ" ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ. ಮನೆಯ ಸಂಗ್ರಹಕ್ಕೆ ಎರಡು ಡಿಸ್ಕು ಇಡಿ. ಒಂದು ಯಂತ್ರಕ್ಕೆ ಜೋಡಿಸಿರಲಿ; ಇನ್ನೊಂದು ಯಾವ ತಂತಿಗೂ ತಾಗದೆ ಕಪಾಟಿನಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಪೊಟ್ಟಣದ ಜೊತೆಗಿರಲಿ. ಮೂರು ತಿಂಗಳಿಗೊಮ್ಮೆ ಹೊಸದನ್ನು ಅದಕ್ಕೆ ಸೇರಿಸಿ, ಒಂದೆರಡು ಕಡತ ತೆರೆದು ನೋಡಿ ಒಳಗಿಡಿ. ಇನ್ನೆಂದೂ ಸಿಗದ ಧ್ವನಿ, ಚಿತ್ರಗಳ ಮೂರನೆಯ ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಬೀಜದ ಗೋಟನ್ನೆಲ್ಲ ಒಂದೇ ಮಡಿಯಲ್ಲಿ ಊರುವವರು ನಮ್ಮಲ್ಲಿ ಯಾರೂ ಇಲ್ಲ, ಇದೂ ಹಾಗೆಯೇ.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹತ್ತಿಸುವುದು ಕಷ್ಟವಲ್ಲ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಲೈನ್-ಇನ್ ಕಿಂಡಿಗೆ ಒಂದು ತಂತಿ, ಒಡಾಸಿಟಿ ಎಂಬ ಉಚಿತ ಕಾರ್ಯಕ್ರಮ, ಮತ್ತು ಟೇಪು ಓಡುವಷ್ಟು ಹೊತ್ತಿನ ತಾಳ್ಮೆ. ಮೂಲಪ್ರತಿಯನ್ನು ಫ್ಲಾಕ್ ಎಂಬ ನಷ್ಟವಿಲ್ಲದ ಕ್ರಮದಲ್ಲಿಡಿ. ಕೇಳುವುದಕ್ಕೆ ಎಂಪಿ3 ಸಾಕು. ಬೂಸಲು ಕಂಡ ಟೇಪನ್ನು ಹಾಗೆಯೇ ಓಡಿಸಬೇಡಿ. ತಿಳಿದವರಿಂದ ಶುಚಿ ಮಾಡಿಸಿ. ಹತ್ತಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.

ಸಂಘದ ಕಚೇರಿಯಲ್ಲಿ ಲಿಬ್ರೆಎಲೆಕ್ ಬರೆದಿಟ್ಟ ಪೆನ್‌ಡ್ರೈವೊಂದನ್ನೂ, ನಡೆಯುವ ಸ್ಥಿತಿಯಲ್ಲಿರುವ ಟೇಪ್ ರೆಕಾರ್ಡರೊಂದನ್ನೂ ಇಟ್ಟಿದ್ದೇವೆ. ಬೇಕಾದ ಸದಸ್ಯರು ಕಚೇರಿಯ ವೇಳೆಯಲ್ಲಿ ಬಂದು ಉಪಯೋಗಿಸಿಕೊಳ್ಳಬಹುದು. 1986ರ ಆ ತಾಳಮದ್ದಲೆಯ ರಾತ್ರಿ ನಮ್ಮ ಜಗಲಿಯಲ್ಲಿ ಕೂತು ಟೇಪ್ ಮಾಡಿಕೊಂಡವರು ಇನ್ನೂ ಯಾರಾದರೂ ಇದ್ದಾರೆಯೋ ಏನೋ. ಅಟ್ಟದ ಪೆಟ್ಟಿಗೆಗಳನ್ನು ತೆಗೆದಾಗ ಒಮ್ಮೆ ನೋಡಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ